ಹಸಿರು ಚುಕ್ಕೆಯ ಕಟ್ಲೆಟ್

ರುದ್ರಮುನಿ ಮೇಷ್ಟ್ರು ಜೀವಮಾನದಲ್ಲಿ ಒಂದು ಆಲೂಗಡ್ಡೆಯನ್ನೂ ನೆಟ್ಟಗೆ ಸುಲಿದವರಲ್ಲ. ಅಂಥವರು ನ್ಯಾಮತಿಯ ಅಕ್ಕನ ಬಳಗದ ಹೆಂಗಸರ ಎದುರು, "ಈ ಸಲ ಕಟ್ಲೆಟ್ ನಂದೇ ಕೈಯಡುಗೆ, ನೋಡ್ತಿರಿ" ಎಂದು ಬಾಯಿ ಬಿಟ್ಟದ್ದೇ ಎಲ್ಲಕ್ಕೂ ಮೂಲ.

ಬಳಗದವರು ಸೋಮವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ವಚನ ಹಾಡಿ, ತಿಂಡಿ ತಿಂದು ಹೋಗುವುದು ರೂಢಿ. ಈ ಸಲ ಸರದಿ ಮೇಷ್ಟ್ರ ಹೆಂಡತಿ ಶಾಂತಲಾಳದ್ದು. ಬಳಗದ ಅಧ್ಯಕ್ಷೆ ಪಕ್ಕದ ಮನೆ ಕಸ್ತೂರಮ್ಮ, "ನಮ್ಮ ಬೀದಿ ಗಂಡಸರಿಗೆ ಒಲೆ ಯಾವ ದಿಕ್ಕಿಗೈತೆ ಅನ್ನೋದೇ ಗೊತ್ತಿಲ್ಲ" ಎಂದದ್ದು ಮೇಷ್ಟ್ರಿಗೆ ಚುಚ್ಚಿತು. ಮಾತು ಬಾಯಿಂದ ಜಾರಿತು. ಜಾರಿದ ಮೇಲೆ ಅವರು ಭಾನುವಾರ ಸ್ಕೂಟರ್ ಏರಿ, ಯಾರೂ ಗುರುತು ಹಿಡಿಯದಿರಲಿ ಎಂದು ಹೊನ್ನಾಳಿಯವರೆಗೂ ಹೋಗಿ, ಐಸ್ ಪೆಟ್ಟಿಗೆ ಇಟ್ಟುಕೊಂಡಿದ್ದ ಒಂದು ಅಂಗಡಿಯಲ್ಲಿ 'ಹಸಿರು ಸಿರಿ ವೆಜ್ ಕಟ್ಲೆಟ್' ನಾಲ್ಕು ದೊಡ್ಡ ಪ್ಯಾಕೆಟ್ ತಂದರು. ಕವರಿನ ಮೇಲೆ ಹಸಿರು ಚುಕ್ಕೆ ಬಟ್ಟಲುಗಣ್ಣು ಬಿಟ್ಟುಕೊಂಡು ಕೂತಿತ್ತು. ಹೆಂಡತಿ ಅಂಗಳದಲ್ಲಿದ್ದಾಗ ಕಟ್ಲೆಟ್‌ಗಳನ್ನೆಲ್ಲ ಸ್ಟೀಲ್ ಡಬ್ಬಿಗೆ ಸುರಿದು ಫ್ರೀಜರಿನಲ್ಲಿಟ್ಟರು. ಖಾಲಿ ಕವರುಗಳು ಪುಸ್ತಕದ ಕಪಾಟಿನ ಹಿಂದೆ ಸೇರಿದವು.

ಸೋಮವಾರ ಸಂಜೆ ಅಡುಗೆಮನೆ ಬಾಗಿಲು ಹಾಕಿಕೊಂಡು, ಡಬ್ಬಿ ತೆಗೆದು, ಒಂದೊಂದನ್ನೇ ಎಣ್ಣೆಗೆ ಬಿಟ್ಟು ಕರಿದರು. ಹೊರಗೆ ಹೊಗಳಿಕೆಯೋ ಹೊಗಳಿಕೆ. ಕಸ್ತೂರಮ್ಮ ನಾಲ್ಕು ತಿಂದು, "ಮೇಷ್ಟ್ರೇ, ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸ್ಬೇಕು" ಎಂದು ಬೆನ್ನು ತಟ್ಟಿದರು. ಉಳಿದದ್ದನ್ನು ಮಂಗಳವಾರ ಗೋವಿನಕೋವಿ ಹತ್ತಿರದ ತಮ್ಮ ಶಾಲೆಗೂ ಒಯ್ದು ಸ್ಟಾಫ್ ರೂಮಿನಲ್ಲಿ ಹಂಚಿ ಬಂದರು. ಎರಡು ದಿನ ಅವರ ನಡಿಗೆಯೇ ಬದಲಾಗಿತ್ತು.

ಬುಧವಾರ ಬೆಳಗ್ಗೆ ಕಸದ ಗಾಡಿ ಹಾಡು ಹೇಳಿಕೊಂಡು ಬಂದಾಗ, ಬಚ್ಚಿಟ್ಟ ಕವರುಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಎಸೆದು, ನಿರಾಳವಾಗಿ ಕೂತು ಫೋನು ತೆಗೆದರು.

'ವೆಜ್ ಕಟ್ಲೆಟ್‌ನಲ್ಲಿ ಕೋಳಿ ಮಾಂಸ! ಕಾರ್ಖಾನೆಯಲ್ಲಿ ಕವರು ಅದಲುಬದಲು! ಹಸಿರು ಸಿರಿ ಕಂಪನಿ ತಪ್ಪೊಪ್ಪಿಗೆ!'

ಕೆಳಗೊಂದು ವಿಡಿಯೋ. ಚನ್ನಗಿರಿಯಲ್ಲಿ ಜನ ರಸ್ತೆಗೆ ಪ್ಯಾಕೆಟ್ ಸುರಿದು ಮೆಟ್ಟುತ್ತಿದ್ದರು. ಒಬ್ಬಾತ ಕ್ಯಾಮೆರಾ ಮುಂದೆ ಅಳುತ್ತಿದ್ದ. ಅದರ ಕೆಳಗೆ, 'ನೂರಾ ಏಳರಿಂದ ಶುರುವಾಗುವ ನಂಬರಿನ ಪ್ಯಾಕೆಟ್‌ಗಳನ್ನು ಯಾರೂ ತಿನ್ನಬಾರದು' ಎಂದಿತ್ತು.

ಮೇಷ್ಟ್ರು ಧಡಕ್ಕನೆ ಎದ್ದರು. ಕವರಿನ ನಂಬರ್ ಏನಿತ್ತು? ಬನಿಯನ್ನಿನಲ್ಲೇ ಸ್ಕೂಟರ್ ಹತ್ತಿ ಕಸದ ಗಾಡಿಯ ಬೆನ್ನು ಹತ್ತಿದರು. ಮೂರನೇ ತಿರುವಿನಲ್ಲಿ ಸಿಕ್ಕಿತು. ಚಾಲಕ ಓಬಣ್ಣ ಕತ್ತು ಹೊರಹಾಕಿದ.

"ಏನ್ ಸಾರ್, ಏನ್ ಕಳಕಂಡ್ರಿ?"

"ಪ್ಯಾನ್ ಕಾರ್ಡು ಓಬಣ್ಣ, ಪ್ಯಾನ್ ಕಾರ್ಡು!"

"ಹಸಿ ಕಸದಾಗೋ ಒಣ ಕಸದಾಗೋ?"

ಮೇಷ್ಟ್ರು ಎರಡಕ್ಕೂ ಕೈ ಹಾಕಿದರು. ಬೀದಿಯ ಜನ ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನಿಂತು ನೋಡಿದರು. ಎಂಟನೇ ತರಗತಿಯ ಇಬ್ಬರು ಹುಡುಗಿಯರು "ನಮಸ್ತೆ ಸಾರ್" ಎಂದರು. ಮೊಳಕೈವರೆಗೂ ಸಾಂಬಾರು ಮೆತ್ತಿಕೊಂಡ ಮೇಲೆ ಕವರು ಸಿಕ್ಕಿತು. ನಂಬರ್ ಓದಿದರು. ನೂರಾ ಏಳು. ಇನ್ನೊಂದು ಕವರು ನೋಡಿದರು. ಅದೂ ನೂರಾ ಏಳು.

ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಕಣ್ಣು ಮೇಲೇಳಲಿಲ್ಲ. ತಾವೊಬ್ಬರೇ ತಿಂದಿದ್ದರೆ ಒಂದು ಮಾತು. ವಚನ ಹಾಡಿ ಬಂದ ಇಪ್ಪತ್ತೆರಡು ಜನಕ್ಕೆ, ಅದೂ ಸೋಮವಾರ, ಕೈಯಾರೆ ಕರಿದು, 'ಇನ್ನೊಂದು ಹಾಕ್ಕೊಳ್ರಿ' ಎಂದು ಬಲವಂತ ಮಾಡಿ ಬಡಿಸಿದ್ದರಲ್ಲ!

ಶಾಲೆಗೆ ಹೋದರೆ ಸ್ಟಾಫ್ ರೂಮು ಸಂತೆಯಾಗಿತ್ತು. ಆಟದ ಮೇಷ್ಟ್ರು ಪ್ರವೀಣ್ ಕುಮಾರ್ ಮೇಜು ಗುದ್ದುತ್ತಿದ್ದರು.

"ಇಂಥೋರ್ನ ಸುಮ್ನೆ ಬಿಡಬಾರದ್ರಿ! ತಿನ್ನೋರ ನಂಬಿಕೆ ಜೊತೆ ಆಟ ಆಡ್ತಾರಲ್ಲ! ನಮ್ಮ ರುದ್ರಮುನಿ ಸರ್ ನೋಡಿ ಕಲೀಬೇಕು. ನಿನ್ನೆ ತಂದಿದ್ರಲ್ಲ, ಎಂಥಾ ಕಟ್ಲೆಟ್! ಮನ್ಯಾಗೆ, ಕೈಯಾರೆ!"

"ಹೌದೌದು," ಎಂದರು ಹೆಡ್‌ಮಾಸ್ಟರ್ ನಾಗರಾಜ್. "ರುದ್ರಮುನಿ, ಇವತ್ತು ಪ್ರಾರ್ಥನೆ ಆದ್ಮೇಲೆ ಮಕ್ಕಳಿಗೆ ಮನೆ ಊಟದ ಮಹತ್ವ ಹೇಳಿಬಿಡ್ರಿ."

ಮುನ್ನೂರು ಮಕ್ಕಳ ಮುಂದೆ ಮೇಷ್ಟ್ರು ನಿಂತರು. "ಮಕ್ಕಳೇ, ನಾವು ಏನು ತಿನ್ನುತ್ತೇವೆ ಅನ್ನೋದು ನಮಗೆ ಗೊತ್ತಿರಬೇಕು" ಎಂದರು. ಬೆಳಗ್ಗೆ ಕಸದ ಗಾಡಿ ಹತ್ತಿರ ಕಂಡಿದ್ದ ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮೇಷ್ಟ್ರು ಮೈಕು ಬಿಟ್ಟು ನಲ್ಲಿಯ ಕಡೆ ಓಡಿದರು.

ಅಲ್ಲಿ ಬಾಯಿ ಮುಕ್ಕಳಿಸಿ ಉಗುಳುತ್ತಿರುವಾಗ ಹಿಂದಿನಿಂದ ದನಿ ಕೇಳಿತು. ವಿಜ್ಞಾನದ ಮೇಷ್ಟ್ರು ಕೆಂಚೇಶ್. ಹತ್ತು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿ ಅವರದ್ದು.

"ಆರು ಸಲ ಮುಕ್ಕಳಿಸಿದ್ರಿ ಸರ್. ಏನಾತು?"

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಹೊನ್ನಾಳಿಯ ಅಂಗಡಿ, ಡಬ್ಬಿ, ನೂರಾ ಏಳು, ಎಲ್ಲ ಹೇಳಿದರು. "ಬಾಯಲ್ಲಿ ಏನೋ ಇನ್ನೂ ಅಂಟಿಕೊಂಡಂಗೈತೆ ಕೆಂಚೇಶ್. ಎಷ್ಟು ತೊಳೆದ್ರೂ ಹೋಗ್ತಿಲ್ಲ. ಹೇಸಿಗೆ..." ಎಂದವರು ಮಾತಿನ ನಡುವೆಯೇ ತಡೆದರು.

ಕೆಂಚೇಶ್ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದರು. "ನಮ್ಮನೇಲಿ ಭಾನುವಾರ ಭಾನುವಾರ ಮಾಡ್ತೀವಿ ಸರ್. ಅದೇ ಬಾಯಾಗೆ ನಿಮ್ಮ ಜೊತೆ ಕುಂತು ಮಾತಾಡ್ತೀನಿ. ನನ್ನೆದುರಿಗೆ ನೀವು ಹಿಂಗೆ ಉಗುಳಿದ್ರೆ ನನಗೆ ಹೆಂಗಾಗ್ಬೇಕು?"

ಬೆಳಗಿನಿಂದ ಆದ ನಾಚಿಕೆಗಳಲ್ಲಿ ಇದು ಬೇರೆಯದೇ ಆಗಿತ್ತು. ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ. "ತಪ್ಪಾತು ಕೆಂಚೇಶ್" ಎಂದರು.

"ಹೋಗ್ಲಿ ಬಿಡ್ರಿ. ತಿಂದದ್ದು ದೊಡ್ಡದಲ್ಲ. ತಂದದ್ದನ್ನ ಮಾಡಿದ್ದು ಅಂದ್ರಲ್ಲ, ಅದನ್ನ ಹೇಳಿಬಿಡ್ರಿ, ಬಾಯಿ ತಾನೇ ಸರಿಯಾಗುತ್ತೆ. ಆದ್ರೆ ಒಂದು ಮಾತು. ಅದರಾಗೆ ಕೋಳಿ ಇರ್ಲಿಲ್ಲ ಸರ್."

"ಕಂಪ್ನಿಯೋರೇ ಒಪ್ಕಂಡಾರಲ್ಲ!"

"ಕಂಪ್ನಿ ಒಪ್ಕಂಡಿರ್ಬಹುದು, ನನ್ನ ನಾಲಿಗೆ ಒಪ್ಪಲ್ಲ. ನಿನ್ನೆ ಎರಡು ತಿಂದೀನಿ. ಅದು ಬೀಟ್‌ರೂಟು."

ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡ ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿಯ ರಾಶಿ. ಕಸ್ತೂರಮ್ಮ ಬಳಗದ ತುರ್ತು ಸಭೆ ಕರೆದಿದ್ದರು, ಅದೂ ಮೇಷ್ಟ್ರ ಮನೆಯಲ್ಲೇ. ತಹಶೀಲ್ದಾರರಿಗೆ ಕೊಡಲು ಮನವಿ ಸಿದ್ಧವಾಗಿತ್ತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರಿಂದ ನಡುಮನೆ ಜೇನುಗೂಡಿಗೆ ಕಲ್ಲು ಬಿದ್ದಂತಿತ್ತು.

"ಬನ್ನಿ ಮೇಷ್ಟ್ರೇ, ನಿಮಗೇ ಕಾಯ್ತಿದ್ವಿ," ಎನ್ನುತ್ತ ಕಸ್ತೂರಮ್ಮ ಒಂದು ಶಾಲು ಬಿಚ್ಚಿದರು. "ಊರೆಲ್ಲ ಕಂಡಕಂಡ ಪ್ಯಾಕೆಟ್ ತಿಂದು ಮೈಲಿಗೆ ಆಗೈತೆ. ನಮ್ಮ ಬಳಗಾನ ಕಾಪಾಡಿದ್ದು ನಿಮ್ಮ ಕೈ. ಎಲ್ಲಾರೂ ಚಪ್ಪಾಳೆ ಹೊಡೀರಿ!"

ಶಾಲು ಹೆಗಲ ಮೇಲೆ ಬಿದ್ದಿತು. ಹಸಿ ಮಣ್ಣಿನ ಚೀಲ ಹೇರಿದಂತಾಯಿತು.

"ನಿಲ್ಲಿಸ್ರಿ!" ಎಂದರು ಮೇಷ್ಟ್ರು. ದನಿ ಒಡೆದಿತ್ತು. "ನಾನು ಮಾಡಿದ್ದಲ್ಲ. ಹೊನ್ನಾಳಿಯಿಂದ ತಂದಿದ್ದು. ಅದೇ ಕಂಪ್ನಿ. ಅದೇ ನಂಬರು. ನಿಮಗೆಲ್ಲ ನಾನು... ತಪ್ಪಾತು ತಾಯೀ."

ಚಪ್ಪಾಳೆಗೆ ಎತ್ತಿದ್ದ ಕೈಗಳು ಎತ್ತಿದಂತೆಯೇ ನಿಂತವು. ಟೀ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದ ಶಾಂತಲಾ ಏನೋ ಹೇಳಲು ಬಾಯಿ ತೆರೆದಳು. ಎದುರಿಗೆ ಕೂತವರನ್ನು ಕಂಡು ಬಾಯಿ ಮುಚ್ಚಿ, ಗೋಡೆಗೆ ಒರಗಿಕೊಂಡಳು. ನನ್ನಿಂದ ಇವಳಿಗೂ ಮುಖವಿಲ್ಲದಂತಾಯಿತು ಎಂದುಕೊಂಡರು ಮೇಷ್ಟ್ರು.

ಆಮೇಲೆ ಶುರುವಾಯಿತು. ಒಬ್ಬರು ಹಿತ್ತಲಿಗೆ ಓಡಿದರು. ಒಬ್ಬರು, "ಅದಕ್ಕೇ ನೋಡು, ಸೋಮವಾರದಿಂದ ನನಗೆ ಕೆಟ್ಟ ಕನಸು" ಎಂದರು. ಐದು ತಿಂದವರು ಎರಡಕ್ಕೆ ಇಳಿದರು, ಎರಡು ತಿಂದವರು ಅರ್ಧಕ್ಕೆ. "ನಾನು ಬರೀ ಮೂಸಿ ನೋಡಿದ್ದು" ಎಂದರು ಕಸ್ತೂರಮ್ಮ, ಮೇಷ್ಟ್ರ ಹೆಗಲಿಂದ ಶಾಲು ಎಳೆದುಕೊಳ್ಳುತ್ತ. "ನೀವೂ ಒಬ್ರು ಮೇಷ್ಟ್ರಾ? ಮಕ್ಕಳಿಗೆ ಏನ್ ಕಲಿಸ್ತೀರಿ? ಮನವಿಯಾಗೆ ಕಂಪ್ನಿ ಜೊತೆ ನಿಮ್ಮ ಹೆಸ್ರೂ ಸೇರಿಸ್ತೀವಿ!"

ಎದುರು ಮನೆ ಅನ್ನಪೂರ್ಣ ಮಾತ್ರ ಎದೆ ಮೇಲೆ ಕೈಯಿಟ್ಟುಕೊಂಡು, "ಸದ್ಯ, ಸೋಮವಾರ ನಮ್ಮನೆಗೆ ನೆಂಟರು ಬಂದು ನಾನು ಇತ್ಲಾಗೆ ಬರ್ಲಿಲ್ಲ. ಶಿವ ಕಾಪಾಡ್ದ" ಎಂದು ಎದ್ದು ಹೋದರು.

ಕೊನೆಯ ಚಪ್ಪಲಿ ಹೊರಟ ಮೇಲೆ ಮೇಷ್ಟ್ರು ನೆಲದ ಮೇಲೇ ಕೂತರು. ಶಾಂತಲಾ ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತಳು.

"ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?"

"ಯಾವ ಮುಖ ಇಟ್ಕಂಡು ಕೇಳ್ಲಿ?"

"ರೀ, ಸೋಮವಾರ ನೀವು ಕರಿದಿದ್ದು ನಾನು ಮಾಡಿದ ಕಟ್ಲೆಟ್."

ಮೇಷ್ಟ್ರು ಕಣ್ಣು ಪಿಳಿಪಿಳಿ ಬಿಟ್ಟರು.

"ಅವತ್ತು ಮಧ್ಯಾಹ್ನ ಫ್ರೀಜರ್ ತೆಗೆದೆ. ಡಬ್ಬಿ ತುಂಬ ಸೀಲು ಒತ್ತಿದಂಗೆ ಒಂದೇ ಅಳತೆ ಕಟ್ಲೆಟ್. ಇದು ನಿಮ್ಮ ಕೈಯದಲ್ಲ ಅಂತ ಕುರುಡರಿಗೂ ಗೊತ್ತಾಗ್ತಿತ್ತು. ಕಸ್ತೂರಮ್ಮನ ಬಾಯಿಗೆ ಸಿಕ್ಕೀರಿ ಅಂತ, ನೀವು ಶಾಲೆಯಾಗೆ ಇದ್ದಾಗ ಆಲೂಗಡ್ಡೆ ಬೀಟ್‌ರೂಟು ಬೇಯಿಸಿ, ತಟ್ಟಿ, ಅದೇ ಡಬ್ಬಿಯಾಗೆ ಇಟ್ಟೆ. ನಿಮ್ಮ ಮರ್ಯಾದೆ ಉಳೀಲಿ ಅಂತ ಬಾಯಿ ಬಿಡ್ಲಿಲ್ಲ."

ಮೇಷ್ಟ್ರ ಮೈಯಲ್ಲಿ ಬೆಳಗಿನಿಂದ ಬಿಗಿದಿದ್ದ ಹಗ್ಗವೆಲ್ಲ ಒಮ್ಮೆಲೇ ಸಡಿಲಾಯಿತು. "ಅಂದ್ರೆ ಬಳಗದೋರು ಯಾರೂ ತಿಂದಿಲ್ಲ! ಕೆಂಚೇಶ್ ಹೇಳಿದ್ದು ನಿಜ! ಈಗ್ಲೇ ಹೋಗಿ ಕಸ್ತೂರಮ್ಮಂಗೆ..." ಎಂದು ಎದ್ದವರ ಕೈಯನ್ನು ಶಾಂತಲಾ ಬಿಗಿಯಾಗಿ ಹಿಡಿದಳು.

"ಪ್ಯಾಕೆಟ್ಟಿಂದು ಏನ್ಮಾಡಿದೆ ಅಂತ ಕೇಳಲ್ವಾ?"

"ಏನ್ಮಾಡ್ದೆ?"

"ಬೇರೆ ಡಬ್ಬಿಗೆ ಹಾಕಿಟ್ಟಿದ್ದೆ. ಅಷ್ಟರಾಗೆ ಅನ್ನಪೂರ್ಣಕ್ಕ ಓಡಿ ಬಂದ್ರು. ಅವರ ಮಗಳು ಪೂಜಾನ್ನ ನೋಡಾಕೆ ಜಗಳೂರಿಂದ ಗಂಡಿನ ಕಡೆಯೋರು ಹೇಳದೆ ಕೇಳದೆ ಬಂದುಬಿಟ್ಟಾರೆ, ಮನ್ಯಾಗೆ ಏನೂ ಇಲ್ಲ ಅಂತ. ನಾನು ಆ ಡಬ್ಬಿ ಎತ್ತಿ ಕೊಟ್ಟೆ. ಮಾಡಿಟ್ಟೀನಿ, ಕರಿದು ಕೊಡ್ರಿ ಅಂದೆ. ಅದರಾಗೆ ಇಂಥದ್ದೈತೆ ಅಂತ ನನಗೇನು ಗೊತ್ತು? ನೀವು ಒಪ್ಕಂತಿದ್ದಾಗ ನಿಜ ಹೇಳಾಕೆ ಬಂದೆ. ಅನ್ನಪೂರ್ಣಕ್ಕ ಎದುರಿಗೇ ಕುಂತಿದ್ರು. ನಾಲಿಗೆ ಏಳ್ಲಿಲ್ಲ."

ಅಷ್ಟರಲ್ಲಿ ಗೇಟು ಸದ್ದಾಯಿತು. ಅನ್ನಪೂರ್ಣಳ ಗಂಡ, ಅಡಿಕೆ ವ್ಯಾಪಾರದ ವಿರೂಪಾಕ್ಷಪ್ಪ ಒಳಗೆ ಬಂದರು. ಸಮಾಜದ ಹಿರಿಯರು, ಹೋಟೆಲಿನ ನೀರನ್ನೂ ಮುಟ್ಟದವರು. ಮೇಷ್ಟ್ರನ್ನು ನೋಡದೆ ಶಾಂತಲಾಳ ಕಡೆ ತಿರುಗಿದರು.

"ಅಳಬ್ಯಾಡ ತಂಗಿ. ಗಂಡ ಮಾಡಿದ್ದಕ್ಕೆ ನೀನೇನು ಮಾಡ್ತೀಯ? ನಿನ್ನ ಕೈ ಶುದ್ಧ ಐತೆ. ಸೋಮವಾರ ನೀನು ಕೊಟ್ಟ ಡಬ್ಬಿಯೇ ನಮ್ಮ ಮಾನ ಉಳಿಸ್ತು. ನಾನೇ ಎಂಟು ತಿಂದೆ. ಬೀಗಿತ್ತಿ ಅಂತೂ, ಇಂಥಾ ರುಚಿ ಕಂಡೇ ಇಲ್ಲ, ಹುಡುಗಿ ಕೈಯಡುಗೆನಾ ಅಂದ್ರು. ಪೂಜಾ ಹೂಂ ಅಂದುಬಿಟ್ಳು. ಅಲ್ಲೇ ಮಾತು ಮುಗೀತು. ಬರೋ ಸೋಮವಾರ ನಿಶ್ಚಿತಾರ್ಥ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಿಜ ಹೇಳಿದರೆ ಮೇಷ್ಟ್ರ ಹೆಸರಿಗೆ ಹತ್ತಿದ ಮಸಿ ಇಪ್ಪತ್ತೆರಡು ಮನೆಗಳಲ್ಲಿ ತೊಳೆದುಹೋಗುತ್ತಿತ್ತು. ಜೊತೆಗೆ ಎದುರು ಮನೆ ಹುಡುಗಿಯ ಮದುವೆಯೂ. ಮೇಷ್ಟ್ರು ನಿಜವನ್ನು ನುಂಗಿಕೊಂಡರು.

"ಇನ್ನು ನೀನು," ಎಂದು ವಿರೂಪಾಕ್ಷಪ್ಪ ಈಗ ಅವರ ಕಡೆ ತಿರುಗಿದರು. "ನಾಳೆ ಮನೆಮನೆಗೂ ಹೋಗಿ ತಪ್ಪಾತು ಅಂತ ಕೇಳ್ಕಂಡು ಬರಬೇಕು. ನಮ್ಮನೆಗೆ ಬರೋದು ಬ್ಯಾಡ, ನಮಗೇನಾಗಿಲ್ಲ."

ಮೇಷ್ಟ್ರು ಬಗ್ಗಿ ಅವರ ಎರಡೂ ಕಾಲು ಹಿಡಿದುಕೊಂಡರು. "ತಪ್ಪಾತು ಅಣ್ಣಾರೆ." ಆ ದಿನ ಅವರು ಕೇಳಿದ ಕ್ಷಮೆಗಳಲ್ಲಿ ಇಷ್ಟು ಮನಸ್ಸಿಟ್ಟು ಕೇಳಿದ್ದು ಇನ್ನೊಂದಿರಲಿಲ್ಲ.

ವಿರೂಪಾಕ್ಷಪ್ಪನ ಮನಸ್ಸು ಕರಗಿತು. ಭುಜ ಹಿಡಿದು ಎತ್ತಿದರು. "ಆತು ಏಳೋ, ಮನುಷ್ಯ ಎಡವ್ತಾನೆ. ತಂಗಿ, ನಾನು ಬಂದಿದ್ದು ಇನ್ನೊಂದಕ್ಕೆ. ನಿಶ್ಚಿತಾರ್ಥಕ್ಕೆ ಜಗಳೂರಿಂದ ಇನ್ನೂರು ಜನ ಬರ್ತಾರೆ. ಬೀಗಿತ್ತಿ ಫೋನ್ ಮಾಡಿ ಬೇರೆ ಏನೂ ಬ್ಯಾಡ, ಆ ಕಟ್ಲೆಟ್ ಇದ್ರೆ ಸಾಕು ಅಂದಾರೆ. ಇವನನ್ನ ಮಾತ್ರ ಒಲೆ ಹತ್ರ ಬಿಡಬ್ಯಾಡ. ನೀನೇ ನಿಂತು ಮಾಡ್ಬೇಕು."

ಹೊರಟವರು ಬಾಗಿಲಲ್ಲಿ ನಿಂತು ಬೆರಳೆತ್ತಿದರು.

"ಅದೇ ರುಚಿ ಬರಬೇಕು ತಂಗಿ. ಒಂಚೂರೂ ಆಚೀಚೆ ಆಗಬಾರದು."