ಟೈಪಿಂಗ್ ಮಾಸ್ತರರು ಪೈಥಾನ್ ಕಲಿತದ್ದು

ನಮ್ಮ ಕಾಕಾ ಅರವತ್ತು ವರ್ಷದ ಆಯುಷ್ಯದಲ್ಲಿ ಒಂದೇ ಒಂದು ತಪ್ಪನ್ನೂ ತಿದ್ದಿಕೊಂಡವರಲ್ಲ! ಹಾಗೆಂದರೆ ಹಟಮಾರಿ ಎಂದುಕೊಂಡಿರಾ? ಅದೂ ನಿಜವೇ, ಆದರೆ ನಾನು ಹೇಳಹೊರಟದ್ದು ಅದಲ್ಲ. ಅವರು ಕಮಲಾಪುರದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದವರು. ಅವರ ಕ್ಲಾಸಿಗೆ ರಬ್ಬರು ತರುವಂತಿರಲಿಲ್ಲ. ಒಂದಕ್ಷರ ತಪ್ಪಿದರೆ ಮುಗಿಯಿತು, ಹಾಳೆಯನ್ನು ಮಷಿನ್ನಿನಿಂದ ಸರಕ್ಕನೆ ಎಳೆದು, ಹರಿದು, ಬುಟ್ಟಿಗೆ ಹಾಕಿ, ಮತ್ತೆ ಮೊದಲ ಸಾಲಿನಿಂದ ಶುರು. ಎಸ್ಸೆಸ್ಸೆಲ್ಸಿ ರಜೆಯಲ್ಲಿ ನಾನೂ ಅಲ್ಲಿ ಕೂತವನೇ. 'ಯುವರ್ಸ್ ಫೇತ್‌ಫುಲ್ಲಿ'ವರೆಗೆ ಬಂದು ಹರಿಸಿಕೊಂಡ ರಜಾ ಅರ್ಜಿಗಳಿಗೆ ಲೆಕ್ಕವಿಲ್ಲ. ಪಾಪ, ಆ ಅರ್ಜಿಯ ಗುಮಾಸ್ತನಿಗೆ ಕೊನೆಗೂ ರಜೆ ಸಿಗಲಿಲ್ಲ.

ಆಮೇಲೆ ಕಂಪ್ಯೂಟರು ಬಂತು. ಹನ್ನೆರಡು ಮಷಿನ್ನು ಸಾಲದೆ ಮೂರು ಪಾಳಿಯಲ್ಲಿ ನಡೆಯುತ್ತಿದ್ದ ಕ್ಲಾಸು ಒಂದು ಪಾಳಿಗೆ ಇಳಿಯಿತು, ಆಮೇಲೆ ಇಬ್ಬರಿಗೆ, ಆಮೇಲೆ ಯಾರೂ ಇಲ್ಲ. ಕಾಕಾ ಮಾತ್ರ ದಿನಾ ಸಂಜೆ ಐದಕ್ಕೆ ಬಾಗಿಲು ತೆರೆದು, ಮಷಿನ್ನುಗಳ ಧೂಳು ಹೊಡೆದು, ಏಳಕ್ಕೆ ಬೀಗ ಹಾಕಿಕೊಂಡು ಬರುತ್ತಿದ್ದರು. ಹೊಟ್ಟೆಬಟ್ಟೆಗೇನೂ ಕೊರತೆಯಿರಲಿಲ್ಲ, ಹೊಲದಲ್ಲಿ ಕೆಂಪು ಬಾಳೆ ಇತ್ತು. ಆದರೂ ಮನುಷ್ಯ ದಿನದಿನಕ್ಕೆ ಇಳಿಯುತ್ತಾ ಹೋದರು.

"ಸಾಕು ಬಿಡ್ರಿ ಇನ್ನ. ಮನ್ಯಾಗ ಕೂತು ದೇವರ ಹೆಸರು ತಗೋರಿ," ಎಂದರು ಅವರ ಹೆಂಡತಿ, ನಮ್ಮ ಕಾಕು.

"ದೇವರ ಹೆಸರು ಒಬ್ಬನ ಕೂತು ತಗೋಬಹುದು. ಪಾಠ ಒಬ್ಬನ ಕೂತು ಹೇಳಲಿಕ್ಕೆ ಬರ್ತದೇನು? ಎದುರಿಗೆ ಒಬ್ಬರೂ ಇಲ್ಲಂದ್ರ ನಾ ಎಂಥಾ ಮಾಸ್ತರ?"

ಕಾಕಾ ಅವರಿಗಿದ್ದ ಚಿಂತೆ ಇದೊಂದೇ. ಹೀಗಿರುವಾಗ ನಸೀಮಾ ಪೇಢೆ ತಗೊಂಡು ಬಂದಳು. ಕಲಬುರಗಿ ಮೋಮಿನಪುರದ ಹುಡುಗಿ. ಚಿಕ್ಕಂದಿನಲ್ಲಿ ಕಮಲಾಪುರದ ಅಜ್ಜಿಯ ಮನೆಯಲ್ಲಿದ್ದು ಕಾಕಾ ಹತ್ತಿರವೇ ಟೈಪಿಂಗ್ ಕಲಿತವಳು. ಈಗ ಕಲಬುರಗಿಯ ಜಗತ್ ಸರ್ಕಲ್ಲಿನ ಹತ್ತಿರ, ಬಟ್ಟೆ ಅಂಗಡಿಯ ಮಾಳಿಗೆ ಮೇಲೆ ಕಂಪ್ಯೂಟರ್ ಕ್ಲಾಸು ತೆರೆದಿದ್ದಳು.

"ಈಗ ಎಲ್ಲಾ ವೆಬ್‌ಸೈಟಿನ ಕೆಲಸಾನ ರೀ ಸರ್. ನಾ ಪೈಥಾನ್ ಭಾಷಾದಾಗ ಕಲಸ್ತೀನಿ. ಜ್ಯಾಂಗೋ ಅಂತ ತಯಾರ್ ಚೌಕಟ್ಟು ಸಿಗ್ತದ, ಅರ್ಧಾ ಕೆಲಸಾ ಅದೇ ಮಾಡಿಕೊಡ್ತದ."

"ಅದನ್ನ ಕಲಿತ್ರ ನನ್ನ ಕಡಿ ಹುಡುಗರು ಬರ್ತಾರೇನು?"

"ಯಾಕ ಬರಂಗಿಲ್ರಿ? ಜರೂರ್ ಬರ್ತಾರ!"

"ಹಂಗಾರ ನಾಳಿಂದ ನಾ ಹಾಜರ್, ಟೀಚರ್."

ಟೀಚರ್! ನಸೀಮಾಳಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಕಾಕು ಆ ರಾತ್ರಿಯೇ ನನಗೆ ಫೋನು ಮಾಡಿದರು. ನಾನು ಕಲಬುರಗಿಯಲ್ಲೇ ಗುಮಾಸ್ತ. "ನಿಮ್ಮ ಕಾಕಾಗ ತಲಿ ಕೆಟ್ಟದ. ಪೈಥಾನ್ ಅಂದ್ರ ಹೆಬ್ಬಾವಂತ, ಬಾಜೂಮನಿ ಹುಡುಗಿ ಹೇಳ್ತು. ಸ್ವಲ್ಪ ಕಣ್ಣಿಡಪಾ."

ನಾನು ಕಣ್ಣಿಡಲು ಹೋದದ್ದು ನಿಜ. ಆದರೆ ಅಲ್ಲಿ ಕಂಡದ್ದನ್ನು ಕಾಕುವಿಗೆ ಹೇಳುವುದಾದರೂ ಹೇಗೆ? ನಸೀಮಾ ಒಳಗೆ ಬಂದ ಕೂಡಲೇ ಕಾಕಾ ಎದ್ದು ನಿಲ್ಲುತ್ತಿದ್ದರು. ಹಣೆಯ ಮೇಲೆ ಅಂಗಾರ, ಅಕ್ಷತೆ. ಕೈಕಟ್ಟಿ ನಿಂತ ಅರವತ್ತರ ವಿದ್ಯಾರ್ಥಿ! ಹಿರಿಯರು ಎದ್ದ ಮೇಲೆ ಉಳಿದವರು ಕೂತಿರಲಾದೀತೆ? ಇಡೀ ಕ್ಲಾಸೇ ಎದ್ದು ನಿಲ್ಲುತ್ತಿತ್ತು. "ಸರ್, ಹಂಗ ನಿಂದರಬ್ಯಾಡ್ರಿ, ನನಗ ಶರಮ್ ಆಗ್ತದ," ಎಂದು ಅವಳು ಬೇಡಿಕೊಂಡಳು. "ಪದ್ಧತಿ ಅಂದ್ರ ಪದ್ಧತಿ," ಎಂದರು ಕಾಕಾ. ಬರಬರುತ್ತಾ ಅವಳೇ ಎಲ್ಲರಿಗಿಂತ ಮೊದಲು ಬಂದು ಕೂತುಬಿಡತೊಡಗಿದಳು. ಇವರು ನಿಲ್ಲುವ ಪ್ರಶ್ನೆಯೇ ಬಾರದಿರಲಿ ಎಂದು.

ಪೈಥಾನ್ ಮಾತ್ರ ಕಾಕಾ ಅವರಿಗೆ ಮೊದಲ ವಾರದಲ್ಲೇ ಹಿಡಿಸಿತು. ಯಾಕೆ ಗೊತ್ತೆ? ಆ ಭಾಷೆಯಲ್ಲಿ ಸಾಲಿನ ಮುಂದೆ ಬಿಡುವ ಜಾಗ ಹೆಚ್ಚುಕಡಿಮೆಯಾದರೆ ಕಂಪ್ಯೂಟರು ಮುಂದಕ್ಕೇ ಹೋಗುವುದಿಲ್ಲ! "ನೋಡ್ಲೇ, ಮಾರ್ಜಿನ್ ತಪ್ಪಿದ್ರ ಬೈತದ! ಇಷ್ಟ ವರ್ಷ ನಾ ಒಬ್ಬನ ಬೈತಿದ್ದೆ. ಜೋಡಿಗೆ ಒಬ್ಬ ಸಿಕ್ಕ," ಎಂದು ಮಗುವಿನಂತೆ ಹಿಗ್ಗಿದರು.

ಆದರೆ ಹಳೆಯ ಕೈ ಸುಮ್ಮನಿರಬೇಕಲ್ಲ! ಕಾಕಾ ಕೀಬೋರ್ಡಿನ ಮೇಲೆ ಟವೆಲ್ಲು ಹೊದಿಸಿ, ಕತ್ತೆತ್ತಿ, ಗೋಡೆ ನೋಡುತ್ತಾ ಟೈಪು ಮಾಡುತ್ತಿದ್ದರು. ತಪ್ಪೇನಾದರೂ ಬಂತೋ, ದೇವರೇ ಗತಿ.

"ಸರ್, ಒಂದ ಕಾಮಾ ಬಿಟ್ಟದ. ಅದೊಂದ ಹಾಕ್ರಿ, ಸಾಕು."

"ಸಾಕಂದ್ರ? ಹಾಳಿ ಕೆಟ್ಟತಲ್ಲ!"

ಅವಳು ಹಾಂ ಹಾಂ ಎನ್ನುವಷ್ಟರಲ್ಲಿ ಇಡೀ ಪುಟ ಅಳಿಸಿ ಮತ್ತೆ ಮೊದಲ ಸಾಲು! ಉಳಿದವರು ಮೂರು ತಿಂಗಳಲ್ಲಿ ಮುಗಿಸಿದ ಪಾಠ ಇವರಿಗೆ ಎರಡು ವರ್ಷ ಹಿಡಿಯಿತು. ಒಂದು ಲಾಭವೂ ಆಯಿತೆನ್ನಿ, ಬರೆದದ್ದೆಲ್ಲ ಬಾಯಿಪಾಠವಾಯಿತು. ಕಮಲಾಪುರದ ಬಸ್ಸಿನಲ್ಲಿ ಕಣ್ಣು ಮುಚ್ಚಿ, "ಫ್ರಮ್ ಜ್ಯಾಂಗೋ... ಇಂಪೋರ್ಟ್..." ಎಂದು ರಾಗವಾಗಿ ಹೇಳಿಕೊಳ್ಳುತ್ತಿದ್ದರು. ಒಂದು ಸಲ ಪಕ್ಕದಲ್ಲಿದ್ದ ಮುದುಕಿ ಕೊನೆಯವರೆಗೂ ಕೈಮುಗಿದು ಕೇಳಿ, "ಭಾಳ ಛಂದ ಅಂತೀರಿ ಆಚಾರ್ಯರ. ಇದನ್ನಂದ್ರ ಮೊಣಕಾಲು ನೋವು ಹೋಗ್ತದೇನ್ರಿ?" ಎಂದು ಕೇಳಿದಳು. ಕಾಕಾ ಸುಳ್ಳಾಡುವವರಲ್ಲ. "ನನಗಂತೂ ಬೆನ್ನು ನೋವು ಬಂದದವ್ವ," ಎಂದರು.

ಅಂತೂ ಒಂದು ದಿನ ವೆಬ್‌ಸೈಟು ತೆರೆದುಕೊಂಡಿತು. ಬೇರೇನಲ್ಲ, ಅವರ ಕ್ಲಾಸಿನ ಹಾಜರಿ ಪುಸ್ತಕ. ಹೆಸರು, ಊರು, ಪಾಳಿ ಎಂದು ಇದ್ದ ಜಾಗವನ್ನೆಲ್ಲ ತುಂಬಿ ಗುಂಡಿ ಒತ್ತಿದರೆ ವಿದ್ಯಾರ್ಥಿ ಸೇರಿದ ಹಾಗೆ. ಕಾಕಾ ಮನೆಗೆ ಬಂದವರೇ ಟೈಪ್‌ರೈಟರ್ ಮುಂದೆ ಕೂತು ಬೀಗರು ಬಿಜ್ಜರಿಗೆಲ್ಲ ಕಾರ್ಡು ಬಡಿದರು: 'ನಮ್ಮ ವೆಬ್‌ಸೈಟಿಗೆ ಸಹಕುಟುಂಬ ಚಿತ್ತೈಸಿ ಆಶೀರ್ವದಿಸಬೇಕಾಗಿ ವಿನಂತಿ.' ಕೆಳಗೆ ವಿಳಾಸ, 127.0.0.1.

ಸೋಲಾಪುರದ ಸೋದರಮಾವ ಸೈಬರ್ ಕೆಫೆಗೆ ಹೋಗಿ ಒಂದು ತಾಸು ಕೂತು ಬಂದರಂತೆ. ಬೀದರದ ಬೀಗರು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದರಂತೆ. ಯಾರಿಗೂ ಏನೂ ಕಾಣಲಿಲ್ಲ. ಬೈಗುಳದ ಫೋನುಗಳು ಶುರುವಾದ ಮೇಲೆ ಕಾಕಾ ಕಾರ್ಡು ಹಿಡಿದು ನಸೀಮಾ ಹತ್ತಿರ ಓಡಿದರು. ಅವಳು ನಗು ತಡೆದುಕೊಂಡು, "ಸರ್, ಈ ವಿಳಾಸ ಅಂದ್ರ ತಾನು ಕೂತ ಕಂಪ್ಯೂಟರ್ ಅಂತ. ಯಾರು ಹೊಡದ್ರೂ ಅವರದ ಕಂಪ್ಯೂಟರ್‌ದಾಗ ಹುಡುಕ್ತದ," ಎಂದಳು.

"ಹಂಗಾರ ನಮ್ಮ ಬೀಗರು ಇಷ್ಟ ಮಂದಿ ತಮ್ಮ ತಮ್ಮ ಮನೀ ಬಾಗಲಾನ ತಾವ ಬಡದಾರೇನು?"

"ಹೌದ್ರಿ ಸರ್."

"ಕಾರ್ಡಿನ ಖರ್ಚು ಹೋಗ್ಲಿ ಬಿಡು. ಅವರಿಗೂ ಒಂದು ಪಾಠ ಆತು," ಎಂದು ಕಾಕಾ, ಪಾಠ ಮುಗಿದದ್ದಕ್ಕೆ ಗುರುದಕ್ಷಿಣೆಯೆಂದು ಜೊತೆಗೆ ತಂದಿದ್ದ ಕೆಂಪು ಬಾಳೆಯ ಗೊನೆಯನ್ನು ಟೇಬಲ್ಲಿನ ಮೇಲಿಟ್ಟರು. ನಸೀಮಾ ಅಳುತ್ತಾ ನಗುತ್ತಾ ಅವರ ಕಾಲು ಮುಟ್ಟಲು ಬಂದಳು. "ಏ, ಟೀಚರ್ ಶಿಷ್ಯನ ಕಾಲು ಮುಟ್ಟೋದು ಯಾವ ಊರ ಪದ್ಧತಿ?" ಎಂದು ಗದರಿ ಹಿಂದೆ ಸರಿದರು.

ಆ ದಸರೆಗೆ ಕಮಲಾಪುರದ ಕ್ಲಾಸಿನ ಬೋರ್ಡಿಗೆ ಹೊಸ ಬಣ್ಣ ಬಂತು, ಒಳಗೆ ಒಂದು ಹಳೆಯ ಕಂಪ್ಯೂಟರು ಬಂತು. ವಿದ್ಯಾರ್ಥಿ ಮಾತ್ರ ಬರಲಿಲ್ಲ. ವಾರವಾಯಿತು, ತಿಂಗಳಾಯಿತು. ಕಲಿಯಬೇಕೆನ್ನುವವರು ಕಲಬುರಗಿಗೇ ಹೋಗುತ್ತಿದ್ದರು, ಅರವತ್ತು ದಾಟಿದ ಟೈಪಿಂಗ್ ಮಾಸ್ತರರ ಹತ್ತಿರ ಯಾರು ಬರುತ್ತಾರೆ? ನಾನು ನಮ್ಮ ಕಚೇರಿಯಲ್ಲಿ ಈ ಕಥೆಯನ್ನೆಲ್ಲ ಹೇಳಿ ಹೇಳಿ ನಗಿಸಿದ್ದೆ. ಮುಂದಿನ ಕಂತಿಗೆ ಸರಕು ಸಿಕ್ಕೀತೆಂದು ಒಂದು ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ.

ಮನೆಗೆ ಬೀಗವಿತ್ತು. ಕ್ಲಾಸಿಗೆ ಹೋದೆ. ಹೊರಗೇ ಕಾಕಾ ಅವರ ದನಿ ಕೇಳಿಸಿತು, ಆ ಹಳೆಯ, ಎತ್ತರದ, ಪಾಠದ ದನಿ. ಯಾರೋ ಬಂದಿದ್ದಾರೆ! ಇಣುಕಿ ನೋಡಿದೆ. ಕಂಪ್ಯೂಟರಿನ ಮುಂದೆ ಸೆರಗು ಸಿಕ್ಕಿಸಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತಿದ್ದವರು ಕಾಕು.

ಕಾಕಾ ನನ್ನನ್ನು ನೋಡಿ, "ಬಾ, ಕೂಡು. ಪಾಠ ನಡದದ, ಗದ್ದಲ ಬ್ಯಾಡ," ಎಂದು ಕುಡಿಯುವ ನೀರು ತರಲು ಹಿಂದಿನ ಕೋಣೆಗೆ ಹೋದರು.

"ಕಾಕು, ನೀವು? ಹೆಬ್ಬಾವು ಅಂತ ಅಂತಿದ್ರಿ?" ಎಂದೆ ಬಾಗಿಲಲ್ಲೇ ನಿಂತು.

"ಮೆಲ್ಲಗ ಮಾತಾಡು," ಎಂದರು ಕಾಕು. "ಎರಡು ವರ್ಷ ಬಸ್ಸಿನ್ಯಾಗ ಓಡಾಡಿ ಕಲತಾರ. ಒಬ್ಬರಿಗರ ಹೇಳಬ್ಯಾಡೇನು ಅವರು? ಒಂದ ತಿಂಗಳು ಪೂರಾ ಇಲ್ಲಿಂದ ಬಂದು ಗ್ವಾಡಿಗೆ ಮಾರಿ ಮಾಡಿ ಮಲಗ್ತಿದ್ರು. ನನಗ ನೋಡಲಿಕ್ಕಾಗಲಿಲ್ಲ. ಈಗ ಎಂಟು ದಿನಾ ಆತು, ಒಂದು ಚಪಾತಿ ಹೆಚ್ಚಿಗಿ ಉಣ್ಣಲಿಕತ್ತಾರ."

ಕಾಕಾ ತಂಬಿಗೆ ಹಿಡಿದು ಬಂದರು. "ಹಾಂ, ಎಂಟು ದಿನಾ ಅಕ್ಷರ ಕಲತಾತು. ಇನ್ನ ನಮ್ಮ ವೆಬ್‌ಸೈಟಿನ್ಯಾಗ ಅರ್ಜಿ ಪೂರಾ ಮಾಡ್ರಿ," ಎಂದರು. ಹೆಂಡತಿಗೆ ಬಹುವಚನ! ಕಾಕು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ತಮ್ಮ ಹೆಸರು ತುಂಬಿದರು, ಊರು ತುಂಬಿದರು, ಪಾಳಿ ತುಂಬಿದರು, ಗುಂಡಿ ಒತ್ತಿದರು. ಒಂದು ಜಾಗ ಖಾಲಿ ಇದೆ, ತುಂಬಲೇಬೇಕು ಎಂದು ಕಂಪ್ಯೂಟರು ಕೆಂಪು ಅಕ್ಷರದಲ್ಲಿ ತಿರುಗಿಸಿ ಕಳಿಸಿತು.

"ಏನು ಜಾಗಾ ಅದು?"

"ತಂದಿ ಅಥವಾ ಗಂಡನ ಹೆಸರು," ಎಂದರು ಕಾಕಾ, ಎತ್ತಲೋ ನೋಡುತ್ತಾ.

ನಲವತ್ತು ವರ್ಷದ ಸಂಸಾರದಲ್ಲಿ ಕಾಕು ಆ ಹೆಸರನ್ನು ಒಮ್ಮೆಯೂ ಉಚ್ಚರಿಸಿದವರಲ್ಲ. ರೇಷನ್ ಕಾರ್ಡಿನವರು ಕೇಳಿದರೂ ನನ್ನ ಕಡೆಗೆ ಕೈ ತೋರಿಸುತ್ತಿದ್ದರು.

"ಬ್ಯಾಡಾದ್ರ ನಾ ಆ ಜಾಗಾನ ತಗದು ಹಾಕ್ತೇನಿ. ಒಂದ ಸಾಲಿನ ಕೆಲಸಾ," ಎಂದರು ಕಾಕಾ, ಮೆತ್ತಗೆ.

"ಇರಲಿ ಬಿಡ್ರಿ. ಬಾಯಿಲೆ ಅನಬಾರದಂತ ಅದ. ಬೆರಳಿಲೆ ಬರೀಬಾರದಂತ ಯಾರೂ ಹೇಳಿಲ್ಲ."

ಕಾಕು ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದರು. ಗಂಡನ ಹೆಸರು ಒಂದೊಂದೇ ಅಕ್ಷರವಾಗಿ ತೆರೆಯ ಮೇಲೆ ಬಂತು. ಕಾಕಾ ಬಗ್ಗಿ ಅದನ್ನು ಅಕ್ಷರ ಅಕ್ಷರವಾಗಿ ಓದಿದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಕಚೇರಿಯಲ್ಲಿ ನಕ್ಕು ನಗಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಾಕುವಿನ ಪಕ್ಕದ ಸ್ಟೂಲಿನ ಮೇಲೆ ಕೂತೆ.

"ಸರ್, ಭಾನುವಾರ ಭಾನುವಾರ ನಾನೂ ಬರಲೇನ್ರಿ?" ಎಂದು ಕೇಳಿದೆ.