ಅತ್ತೆಯ ಒಗೆಯುವ ಕಲ್ಲು

ಅಳಿಯನಿಗೆ ಮಾವನ ಮನೆಯಲ್ಲಿ ಬಾಳೆಲೆ ತುಂಬ ಊಟ ಸಿಗುತ್ತದೆ, ಮಾತು ಕೇಳುವ ಕಿವಿ ಮಾತ್ರ ಸಿಗುವುದಿಲ್ಲ. ಭಾರತೀನಗರದ ಬ್ಯಾಂಕಿನಲ್ಲಿ ಕೌಂಟರಿನ ಆಚೆ ನಿಂತವರೆಲ್ಲ ನನ್ನ ಮಾತಿಗೆ ತಲೆಯಾಡಿಸುತ್ತಾರೆ. ಕೊತ್ತತ್ತಿಯ ಮಾವನ ಮನೆಯಲ್ಲಿ ನಾಯಿಯೂ ಬಾಲ ಆಡಿಸುವುದಿಲ್ಲ.

ಕಳೆದ ಸುಗ್ಗಿಯಲ್ಲಿ ಅತ್ತೆ ನಿಂಗಮ್ಮನವರಿಗೆ ವಾಷಿಂಗ್ ಮೆಷಿನ್ ಬಂತು, ಹಿತ್ತಿಲಿನ ಒಗೆಯುವ ಕಲ್ಲಿಗೆ ಕೆಲಸ ಹೋಯಿತು. ಅದನ್ನು ಎರಡು ಹೋಳು ಮಾಡಿ ಗದ್ದೆಯ ಕಾಲುವೆಗೆ ಹಾಸಲು ಭಾಮೈದ ಚೆಲುವ ಕಲ್ಲು ಕೊಯ್ಯುವ ಮೆಷಿನ್ ತಂದ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದಾಗ ಕಲ್ಲು ಮಗುಚಿಕೊಂಡಿತು. ಅಡಿಯಲ್ಲಿ ಮೆತ್ತಿದ್ದ ಮಣ್ಣಿನಲ್ಲಿ ಒಂದು ಮೊಣಕಾಲು ಕಂಡಿತು.

“ತಡಿಯೋ ಚೆಲುವ!” ಎಂದು ಕೂಗಿದೆ.

“ಏನ್ ಭಾವ, ಹಾವಾ?”

“ಮನುಷ್ಯ ಕಣೋ!”

ನೀರು ಸುರಿದೆವು. ಮಣ್ಣು ಕರಗಿದಂತೆಲ್ಲ ಕತ್ತಿ ಹಿರಿದ ವೀರನೊಬ್ಬ ಎದ್ದು ಬಂದ. ಬೆನ್ನ ಹಿಂದೆ ದನಗಳು, ಎದುರಿಗೆ ಬಾಣ ಹೂಡಿದ ಕಳ್ಳರು. ಮೇಲಿನ ಸಾಲಿನಲ್ಲಿ ಅವನನ್ನೇ ತೋಳು ಹಿಡಿದು ಸ್ವರ್ಗಕ್ಕೆ ಒಯ್ಯುತ್ತಿದ್ದ ಅಪ್ಸರೆಯರು. ವೀರಗಲ್ಲು, ಇತಿಹಾಸ, ಪರಂಪರೆ ಎಂದು ಭಾಷಣ ಬಿಗಿದೆ.

“ಗೊಂಬೆ ಕಡೆ ಕೆಳಕ್ಕೆ ಹಾಕುದ್ರಾಯ್ತು ಬುಡಿ ಭಾವ” ಎಂದು ಚೆಲುವ ಮೆಷಿನ್ ಚಾಲೂ ಮಾಡಿದ.

ಸದ್ದಿಗೆ ಅತ್ತೆ ಬಂದರು. ಬಗ್ಗಿ, ಸೆರಗಿನಿಂದ ಆ ವೀರನ ಮುಖ ಒರೆಸಿದರು. “ಇಷ್ಟ್ ವರ್ಸ ನಿನ್ ಬೆನ್ ಮ್ಯಾಲೆ ಬಟ್ಟೆ ಕುಕ್ಕುದ್ನಲ್ಲಪ್ಪಾ, ಒಂದ್ ಮಾತೂ ಆಡ್ಲಿಲ್ವಲ್ಲ ನೀನು!” ಎಂದರು. ಆಮೇಲೆ ಮಗನತ್ತ ತಿರುಗಿ, “ಮೆಷಿನ್ ಎತ್ಲಾ ಅತ್ಲಾಗೆ! ದನ ಉಳ್ಸಕ್ಕೆ ಸತ್ತೋನ್ನ ಕುಯ್ತಿಯಾ?”

ಮೆಷಿನ್ ಬಾಯಿ ಮುಚ್ಚಿತು.

ಮರುವಾರ ಹೋದರೆ ಚೆಲುವನಿಗೆ ಭಕ್ತಿ ಉಕ್ಕಿತ್ತು. ಕೈಯಲ್ಲಿ ಬೆಳ್ಳಿ ಪೇಂಟಿನ ಡಬ್ಬ. “ಸ್ವಾಮಿ ಪಳಪಳ ಅನ್ಬೇಕು ಭಾವ!” ಕೊಯ್ಯುವುದರಿಂದ ಉಳಿಸಿದ್ದಾಗಿತ್ತು, ಈಗ ಪೂಜೆಯಿಂದ ಉಳಿಸಬೇಕಿತ್ತು. ನಾನು ಫೋನು ಮಾಡಿ ಕರೆಸಿದ ಪುರಾತತ್ವದವರು ಕಲ್ಲಿನ ಅಳತೆ ತೆಗೆದು ಫೋಟೊ ಹಿಡಿದರು. ಬಣ್ಣ, ಎಣ್ಣೆ, ಅರಿಶಿನ ಯಾವುದೂ ಬೇಡ ಎಂದು ಅತ್ತೆಗೇ ಹೇಳಿ ಹೋದರು. ಆ ಮನೆಯಲ್ಲಿ ಯಾರಿಗೆ ಹೇಳಬೇಕೆಂದು ಅವರಿಗೂ ತಿಳಿದುಹೋಗಿತ್ತು.

ಈಗ ಕಲ್ಲು ಜಗಲಿಯ ಪಕ್ಕದ ಸೂರಿನಡಿ ನಿಂತಿದೆ. ಸಂಜೆಬಿಸಿಲು ಬಿದ್ದಾಗ ಕತ್ತಿ ಈಗಷ್ಟೇ ಎತ್ತಿದಂತೆ ಕಾಣುತ್ತದೆ. ಹೆಸರೂ ಕೆತ್ತಿಲ್ಲ; ಊರಿನ ದನಕ್ಕಾಗಿ ಪ್ರಾಣ ಕೊಟ್ಟ ಯಾರೋ ಒಬ್ಬ. ಮೊನ್ನೆ ಹೀಗೇ ಮೈಮರೆತು ನಿಂತಿದ್ದಾಗ ಪಕ್ಕದ ಮನೆಯ ಹೋರಿಕರು ಹಗ್ಗ ಕಿತ್ತುಕೊಂಡು ಕಲ್ಲಿಗೆ ಮೈ ಉಜ್ಜಲು ಬಂತು. ವೀರನನ್ನು ಕಾಯಲು ಧೈರ್ಯವಾಗಿ ಅಡ್ಡ ನಿಂತೆ. ಅದು ತಲೆ ಬಗ್ಗಿಸಿತು. ಮರುಕ್ಷಣ ನಾನು ಜಗಲಿಯ ಮೇಲಿದ್ದೆ.

ಹೆಂಡತಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. “ದನ ಉಳ್ಸಕ್ಕೆ ಅವ್ನು ಪ್ರಾಣ ಬುಟ್ಟ. ಕರ ಕಂಡು ನೀವು ಚಪ್ಲಿ ಬುಟ್ಟಿದೀರಲ್ರೀ!”

ಅತ್ತೆ ಬಂದು ಕರುವಿನ ಕಿವಿ ಹಿಡಿದು ಎಳೆದುಕೊಂಡು ಹೋದರು. ಅವರು ಮೂಲೆ ತಿರುಗುವವರೆಗೂ ನಾನು ಜಗಲಿಯಿಂದಲೇ ಪರಂಪರೆಯನ್ನು ಕಾಯುತ್ತಿದ್ದೆ.