ಹೆಸರು ಅದೇ, ಒಳಗೆ ಯಾರೋ

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ದೆವ್ವವನ್ನು ನಂಬಲೇಬೇಕೆಂದಿಲ್ಲ. ವಾರಂಟಿಯನ್ನು ನಂಬಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಕಾಣಿಸಿಕೊಳ್ಳುತ್ತದೆ. ನನ್ನ ಅಂಗಡಿ ಇರುವುದು ಮಂಗಳೂರಿನ ಬಿಜೈಯಲ್ಲಿ, ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ. ಎದುರಿಗೆ ಬಸ್ಸಿನ ಹಾರ್ನ್, ಪಕ್ಕದಲ್ಲಿ ಜ್ಯೂಸ್ ಅಂಗಡಿಯ ಮಿಕ್ಸಿ. ಹಾಡುಹಗಲಿನ ಇಷ್ಟೊಂದು ಗಲಾಟೆಯ ನಡುವೆಯೂ ಆಗಬಾರದ್ದು ಆಗುತ್ತಲೇ ಇರುತ್ತದೆ.

ಈ ಸಲ ಆದದ್ದಕ್ಕೆಲ್ಲ ಕಾರಣ ಒಂದು ಅಗ್ಗದ ಎಸ್‌ಎಸ್‌ಡಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಂಪ್ಯೂಟರಿನ ನೆನಪನ್ನೆಲ್ಲ ಇಟ್ಟುಕೊಳ್ಳುವ ಚಪ್ಪಟೆ ಪೆಟ್ಟಿಗೆ ಅದು. ಹಳೆಯ ಹಾರ್ಡ್ ಡಿಸ್ಕ್‌ನ ಹಾಗೆ ಒಳಗೆ ತಿರುಗುವಂಥದ್ದು ಏನೂ ಇಲ್ಲ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಟಕ್ ಟಕ್ ಎಂದು ನರಳುತ್ತದೆ, ಮನೆಯವರಿಗೆ ಹೇಳಿಕಳಿಸಲು ಸಮಯ ಕೊಡುತ್ತದೆ. ಎಸ್‌ಎಸ್‌ಡಿ ಹಾಗಲ್ಲ. ಅದು ಸತ್ತದ್ದು ಅದಕ್ಕೂ ಗೊತ್ತಾಗುವುದಿಲ್ಲ.

ಕೆಲಸ ಮುಗಿಸಿ ಹೋದವರು

ಆ ಎಸ್‌ಎಸ್‌ಡಿ ಮಾರುಕಟ್ಟೆಗೆ ಬಂದ ಹೊಸದರಲ್ಲಿ ಇಂಟರ್ನೆಟ್ಟಿನ ವಿಮರ್ಶಕರೆಲ್ಲ ಅದನ್ನು ಹೊಗಳಿದರು. ಒಬ್ಬರಂತೂ ವಿಡಿಯೋದಲ್ಲಿ ಅದನ್ನು ಮಗುವಿನಂತೆ ಎತ್ತಿ ತೋರಿಸಿದರು. ನಾನೂ ಒಂದು ತರಿಸಿ ಅಂಗಡಿಯ ಕಂಪ್ಯೂಟರಿಗೆ ಹಾಕಿದೆ. ಚೆನ್ನಾಗಿ ಓಡಿತು. ಅಂದಿನಿಂದ ಕೇಳಿದವರಿಗೆಲ್ಲ ಅದನ್ನೇ ಹೇಳತೊಡಗಿದೆ.

ಹಾಗೆ ಹೇಳಿದ್ದು ನನ್ನ ಶಾಲೆಯ ಟೀಚರಿಗೂ. ನಿವೃತ್ತರಾಗಿ ಎಷ್ಟೋ ಕಾಲವಾದರೂ ಅವರೆದುರು ನಾನಿನ್ನೂ ಬೆಂಚಿನ ಮೇಲೆ ನಿಂತಿರುವವನೇ. ಅವರ ಗಂಡ ಇಗರ್ಜಿಯ ಗಾಯನ ತಂಡದ ಮಾಸ್ಟರ್ ಆಗಿದ್ದವರು. ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಅವರು ಹಾಡಿದ್ದು, ಹಾಡಿಸಿದ್ದು, ಹಾಡದವರನ್ನು ಬೈದದ್ದು ಎಲ್ಲ ಒಂದು ಹಳೆಯ ಹಾರ್ಡ್ ಡಿಸ್ಕ್‌ನಲ್ಲಿತ್ತು. ಅದು ನರಳತೊಡಗಿತ್ತು.

"ವರ್ಷದ ಪೂಜೆಯ ದಿನ ಮನೆಯಲ್ಲಿ ಎಲ್ಲರಿಗೂ ಅವರ ಸ್ವರ ಕೇಳಿಸಬೇಕು. ಬೇರೆ ಎಲ್ಲಿಯೂ ಇಲ್ಲ ಅದು. ಜಾಗ್ರತೆ" ಎಂದರು ಟೀಚರ್.

ಹೊಸ ಎಸ್‌ಎಸ್‌ಡಿಗೆ ಎಲ್ಲವನ್ನೂ ಇಳಿಸಿದೆ. ಹಳೆಯದೇ ತೆವಳುತ್ತಿದ್ದುದರಿಂದ ಹೊಸದು ತೆವಳುವುದು ಕಾಣಲಿಲ್ಲ. ಕೊನೆಯ ಹಾಡು ಇಳಿಯಿತು, ಹಳೆಯ ಡಿಸ್ಕ್ ಒಮ್ಮೆ ಟಕ್ ಎಂದಿತು, ಮತ್ತೆ ಏಳಲಿಲ್ಲ. ನಾನು ಕೇಬಲ್ ಕಳಚಿ ಪುನಃ ಸಿಕ್ಕಿಸಿ ನೋಡಿದೆ.

ಟೀಚರ್ ಮಾತ್ರ ತಲೆಯಾಡಿಸಿದರು. "ಅವರೂ ಹಾಗೆಯೇ. ಗ್ಯಾಸ್ ಬುಕ್ ಮಾಡಿ ಹೋದದ್ದು."

"ಟೀಚರ್, ಒಂದು ಕಾಪಿ ಅಂಗಡಿಯಲ್ಲೂ ಇಟ್ಟುಕೊಳ್ತೇನೆ" ಎಂದೆ.

"ಬೇಡ ಮಗ" ಎಂದರು. "ಅವರು ಒಬ್ಬರೇ ಸಾಕು."

ಯಾವಾಗಲೂ ನಲವತ್ತು

ಆಮೇಲೆ ಕಾಟಿಪಳ್ಳದಿಂದ ಒಬ್ಬ ಗಿರಾಕಿ ಬಂದರು. ರಿಫೈನರಿ ಕಡೆ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ. ಅವರೂ ನನ್ನ ಮಾತು ಕೇಳಿ ಅದೇ ಎಸ್‌ಎಸ್‌ಡಿ ಕೊಂಡವರು.

"ಇದರ ಟೆಂಪರೇಚರ್ ನೋಡಿ ಮಾರಾಯ್ರೇ" ಎಂದು ಲ್ಯಾಪ್‌ಟಾಪ್ ತಿರುಗಿಸಿದರು. ಪರದೆಯಲ್ಲಿ ನಲವತ್ತು ಡಿಗ್ರಿ ಎಂದಿತ್ತು.

"ಒಳ್ಳೆಯದೇ ಅಲ್ವಾ?"

"ಬಿಸಿಲಲ್ಲಿ ಇಟ್ಟೆ, ನಲವತ್ತು. ಎಸಿ ಎದುರು ಇಟ್ಟೆ, ನಲವತ್ತು. ಕೊನೆಗೆ ಬಿಚ್ಚಿ ಫ್ರಿಜ್ಜಿನಲ್ಲಿ ಬಂಗುಡೆ ಮೀನಿನ ಪಕ್ಕ ಇಟ್ಟೆ. ಹೊರಗೆ ತೆಗೆದು ಹಾಕಿದ್ರೆ ಪುನಃ ನಲವತ್ತು. ಅಮ್ಮ ಕೇಳ್ತಾರೆ, ಇದನ್ನು ಗಸಿ ಮಾಡುವುದಾ ಫ್ರೈ ಮಾಡುವುದಾ ಅಂತ."

ನಾನು ಮುಟ್ಟಿ ನೋಡಿದೆ. ಇನ್ನೂ ಫ್ರಿಜ್ಜಿನ ತಂಪು ಹೋಗಿರಲಿಲ್ಲ, ಮೈಮೇಲೆ ಬೆವರಿನಂತೆ ನೀರ ಹನಿಗಳಿದ್ದವು. ಪರದೆಯಲ್ಲಿ ನಲವತ್ತೇ. ಒಳಗೆ ಉಷ್ಣಾಂಶ ಅಳೆಯುವ ಭಾಗವೇ ಇಲ್ಲ. ಕೇಳಿದಾಗೆಲ್ಲ ಒಂದೇ ಉತ್ತರ ಕೊಡು ಎಂದು ಯಾರೋ ಕಲಿಸಿ ಕಳಿಸಿದ್ದಾರೆ. ಅಂಗಡಿಯಲ್ಲಿದ್ದ ನನ್ನದನ್ನು ನೋಡಿದೆ. ಅದರ ಅಂಕಿ ಬಿಸಿಗೆ ತಕ್ಕಂತೆ ಏರುತ್ತಿತ್ತು, ಇಳಿಯುತ್ತಿತ್ತು. ಎರಡರ ಮೇಲೂ ಅದೇ ಹೆಸರು, ಅದೇ ಬಣ್ಣ.

"ಏನೂ ಆಗ್ಲಿಕ್ಕಿಲ್ಲ, ಒಂದೇ ಸಮ ಉಂಟಲ್ಲ" ಎಂದು ಸಮಾಧಾನ ಹೇಳಿದೆ.

ಅವರು ನನ್ನನ್ನು ಕರುಣೆಯಿಂದ ನೋಡಿದರು. "ನಮ್ಮಲ್ಲಿ ಮೀಟರಿನ ಅಂಕಿ ಅಲುಗದೆ ಇದ್ರೆ ಎಲ್ಲ ಸರಿ ಉಂಟು ಅಂತ ಲೆಕ್ಕ ಅಲ್ಲ ಮಾರಾಯ್ರೇ. ನಾವು ಹೊರಗೆ ಓಡ್ಬೇಕು ಅಂತ ಲೆಕ್ಕ."

ಒಳಗೆ ನೋಡಲು ಹೇಳಿದವರು ಯಾರು?

ಅವರ ಒಪ್ಪಿಗೆ ಪಡೆದು ಎರಡನ್ನೂ ಬಿಚ್ಚಿದೆ. ನನ್ನದರ ಒಳಗೆ ಹಸಿರು ಹಲಗೆಯ ತುಂಬ ಚಿಪ್‌ಗಳು, ಮದುವೆ ಮನೆಯಂತೆ. ಅವರದ್ದರಲ್ಲಿ ಒಂದು ಮೂಲೆಯಲ್ಲಿ ಬಿಸ್ಕತ್ತಿನಷ್ಟು ಹಲಗೆ, ಅದರ ಮೇಲೆ ಬೇರೆಯೇ ಜಾತಿಯ ಚಿಪ್. ಉಳಿದದ್ದು ಖಾಲಿ. ಆ ಖಾಲಿ ಜಾಗವನ್ನು ನಾವಿಬ್ಬರೂ ಬಾಗಿ ನೋಡಿದೆವು. ಪರಿಚಯದವರ ಮನೆ ಬಾಗಿಲು ತಟ್ಟಿ, ಅದೇ ಕರ್ಟನ್ನಿನ ಹಿಂದಿನಿಂದ ಗುರುತಿಲ್ಲದ ಮುಖ ಇಣುಕಿದಂತಾಯಿತು.

ಬಂದರಿನ ಗೋದಾಮಿನಿಂದ ಈ ಮಾಲು ಕಳಿಸುವ ಹೋಲ್‌ಸೇಲ್ ವ್ಯಾಪಾರಿಗೆ ಫೋನ್ ಮಾಡಿದೆ.

"ಹೆಸರು ಅದೇ ಉಂಟಲ್ವಾ?" ಎಂದರು.

"ಹೆಸರು ಅದೇ."

"ಬಾಕ್ಸ್?"

"ಬಾಕ್ಸೂ ಅದೇ."

"ಮತ್ತೆಂತ ಪ್ರಾಬ್ಲಮ್?"

"ಒಳಗೆ ಬೇರೆ ಉಂಟು."

ಅವರು ನಕ್ಕರು. "ವಿಮರ್ಶೆ ಮಾಡುವವರಿಗೆ ಹೋದದ್ದು ಮೊದಲನೇ ಲಾಟ್. ನಿಮಗೆ ಸಿಕ್ಕಿದ್ದೂ ಅದೇ ಇರ್ಬೇಕು. ಹೊಗಳಿ ಆಯ್ತಲ್ಲ, ಇನ್ನು ಪ್ರತಿ ಲಾಟಿಗೂ ಅದನ್ನೇ ಹಾಕ್ಲಿಕ್ಕೆ ಕಂಪೆನಿಯವರಿಗೆ ಎಂತ ಮರ್ಲಾ?"

"ಒಂದು ಮಾತು ಹೇಳಬಹುದಿತ್ತಲ್ಲ?"

"ಯಾರಿಗೆ?"

ಫೋನ್ ಕಿವಿಗೊತ್ತಿಕೊಂಡೇ ಕಂಪ್ಯೂಟರಿನ ಕಡೆ ತಿರುಗಿದೆ. ಆ ಹಳೆಯ ವಿಡಿಯೋ ಹಾಕಿ ನೋಡಿದೆ. ವಿಮರ್ಶಕರು ಈಗಲೂ ಅದೇ ನಗುಮುಖದಲ್ಲಿ, ಈಗ ಎಲ್ಲಿಯೂ ಇಲ್ಲದ ಒಂದು ವಸ್ತುವನ್ನು ಎತ್ತಿ ತೋರಿಸುತ್ತಿದ್ದರು. ಕೆಳಗೆ ಜನ ಈಗಲೂ ಧನ್ಯವಾದ ಹೇಳುತ್ತಿದ್ದರು.

ಫೋನಿನಲ್ಲಿ ವ್ಯಾಪಾರಿ ಇನ್ನೂ ಇದ್ದರು. "ಅದಿರ್ಲಿ, ಒಳಗೆ ನೋಡ್ಲಿಕ್ಕೆ ನಿಮಗೆ ಹೇಳಿದ್ದು ಯಾರು? ಸ್ಟಿಕರ್ ಹರಿದಿದ್ರೆ ವಾರಂಟಿ ಹೋಯ್ತು."

ಅಂಜಲ್ ಮತ್ತು ಮರ್ಯಾದೆ

ಮರುದಿನ ಅಂಗಡಿಗೆ ಬಂದ ಕೇಟರಿಂಗಿನವನಿಗೆ ಇದನ್ನೆಲ್ಲ ಹೇಳಿದೆ. ಟೀಚರ ಮನೆಯ ವರ್ಷದ ಪೂಜೆಯ ಊಟ ಅವನದ್ದೇ. ಅವನ ಬಿಲ್ಲಿನ ಕಂಪ್ಯೂಟರಿಗೂ ಅದೇ ಎಸ್‌ಎಸ್‌ಡಿ ಹಾಕಿ ಕೊಟ್ಟಿದ್ದೆ. ಅವನು ಕೆಂಡವಾದ.

"ಮೊದಲು ಒಳ್ಳೆಯದು ರುಚಿ ತೋರಿಸುವುದು, ಎಲ್ಲರೂ ಭೇಷ್ ಅಂದ ಮೇಲೆ ಬೇರೆ ಬಡಿಸುವುದು! ಎಂಥ ಜನ ಮಾರಾಯ ಇವರು!"

ಅವನು ಮದುವೆಯ ಊಟ ಒಪ್ಪಿಕೊಳ್ಳುವ ಮೊದಲು ಮನೆಯವರಿಗೆ ರುಚಿ ನೋಡಲು ಕಳಿಸುವ ದುಬಾರಿ ಅಂಜಲ್ ಮೀನಿನ ಫ್ರೈಯನ್ನು ನಾನು ತಿಂದಿದ್ದೆ. ಮದುವೆಯ ದಿನ ಅವನು ಬಡಿಸಿದ ಮೀನನ್ನೂ ತಿಂದಿದ್ದೆ. ಹಾಗಾಗಿ ಸುಮ್ಮನೆ ಅವನ ಮುಖ ನೋಡಿದೆ.

ಅವನಿಗೆ ಅರ್ಥವಾಯಿತು. ಎದೆ ಸೆಟೆಸಿ ಹೇಳಿದ: "ಹಾಗೆ ನೋಡ್ಬೇಡ. ಅಂಜಲ್ ಸಿಗದಿದ್ರೆ ನಾವು ಬೋರ್ಡಿನಲ್ಲಿ 'ಫಿಶ್ ಫ್ರೈ' ಅಂತ ಬರೀತೇವೆ. ಅಷ್ಟು ಮರ್ಯಾದೆ ಉಂಟು ನಮಗೆ."

ಆಲ್ತಾರಿನ ಮುಂದೆ

ಅಂದೇ ಸಂಜೆ ಟೀಚರ ಮನೆಗೆ ಓಡಿದೆ. ಅವರಿಗೆ ಕೊಟ್ಟದ್ದು ಹೊಸ ಲಾಟಿನದ್ದು.

ಮನೆಯ ಹಾಲ್‌ನ ಗೋಡೆಯಲ್ಲಿ ದೇವರ ಪೀಠ, ಆಲ್ತಾರ್. ಅದರ ಮುಂದೆ ಉರಿಯುವ ಮೇಣದ ಬತ್ತಿ, ಬತ್ತಿಯ ಪಕ್ಕದಲ್ಲೇ ಜಪಮಾಲೆ ಸುತ್ತಿದ ಎಸ್‌ಎಸ್‌ಡಿ, ಅದರ ಹಿಂದೆ ಮಾಸ್ಟರ ಫೋಟೋ. ಇಂಥ ಅಗ್ಗದ ಚಿಪ್‌ಗಳನ್ನು ಕರೆಂಟು ಕೊಡದೆ ಬಿಸಿಯಲ್ಲಿ ಇಟ್ಟರೆ ಮೆಲ್ಲ ಮೆಲ್ಲನೆ ಮರೆಯತೊಡಗುತ್ತವೆ. ಟೀಚರ್ ನೆನಪಿಗೆಂದು ಹಚ್ಚಿಟ್ಟ ಬತ್ತಿಯ ಬಿಸಿಗೆ ಆ ಪೆಟ್ಟಿಗೆ ಮಾಸ್ಟರನ್ನು ಒಂದೊಂದೇ ಸ್ವರವಾಗಿ ಮರೆಯುತ್ತಿರಬಹುದು.

ವಿಷಯ ಹೇಳಿದೆ: ಹೆಸರು ಅದೇ, ಒಳಗೆ ಬೇರೆ, ಮುಂಚೆ ಹೇಳಲೇ ಇಲ್ಲ.

"ಇದರಲ್ಲಿ ಎಂತ ಹೊಸತು?" ಎಂದರು ಟೀಚರ್. "ಮದುವೆಗೆ ಮೊದಲು ನಾನು ನೋಡಿದವರು ಮೆಲ್ಲ ಮಾತಾಡ್ತಿದ್ರು. ಆಮೇಲೆ ಬಂದವರು ಬೇರೆಯೇ. ಹೆಸರು ಮಾತ್ರ ಅದೇ."

"ಟೀಚರ್, ಕೊಡಿ. ಅಂಗಡಿಗೆ ತಕೊಂಡು ಹೋಗಿ ಕಾಪಿ ಮಾಡಿ ತರ್ತೇನೆ."

ಅವರ ದನಿ ಬದಲಾಯಿತು. "ಹೋದ ಸಲವೂ ಬೇಗ ಬರ್ತಾರೆ ಅಂತಲೇ ಆಂಬ್ಯುಲೆನ್ಸಿನವರು ಕರ್ಕೊಂಡು ಹೋದದ್ದು. ಪುನಃ ಈ ಮನೆಯಿಂದ ಹೊರಗೆ ಕಳಿಸುವುದಿಲ್ಲ."

"ಹಾಗಾದರೆ ಇಲ್ಲಿಯೇ ಮಾಡ್ತೇನೆ."

"ಪೂಜೆಯ ತನಕ ಆಲ್ತಾರಿನಿಂದ ಎತ್ತುವುದಿಲ್ಲ ಅಂತ ಹರಕೆ ಹೇಳಿಕೊಂಡಿದ್ದೇನೆ. ಪೂಜೆ ಆದ ಮೇಲೆ ಬಾ."

"ಅಷ್ಟರಲ್ಲಿ ಸತ್ತುಹೋಗಬಹುದು ಟೀಚರ್!"

ಟೀಚರ್ ಫೋಟೋ ನೋಡಿದರು, ನನ್ನನ್ನು ನೋಡಿದರು. "ಒಮ್ಮೆ ಹೋದವರು ಪುನಃ ಹೇಗೆ ಹೋಗ್ತಾರೆ?"

ಬತ್ತಿಯನ್ನು ಮಾತ್ರ ಸ್ವಲ್ಪ ಆಚೆ ಸರಿಸಿದರು.

ಯಾರದು ಬದಲಿ?

ಪೂಜೆ ಮುಗಿದ ಮೇಲೆ ಹಾಲಿನ ತುಂಬ ಜನ. ನೆಂಟರು, ನೆರೆಯವರು, ಮಾಸ್ಟರ ಕೈಕೆಳಗೆ ಹಾಡಿದ್ದ ಹಳೆಯ ಗಾಯಕರು. ಟೀಚರ್ ಜಪಮಾಲೆ ಬಿಡಿಸಿ ಎಸ್‌ಎಸ್‌ಡಿಯನ್ನು ನನ್ನ ಕೈಗಿಟ್ಟರು. ಮೊದಲು ಕಾಪಿ ಮಾಡಿಬಿಡುತ್ತೇನೆಂದು ಬೇಡಿಕೊಂಡೆ. ಜನ ಕಾಯುತ್ತಿದ್ದಾರೆ, ಎರಡೂ ಒಟ್ಟಿಗೆ ಮಾಡು ಎಂದರು. ಅವರ ಮಾತು ಮೀರಿ ಅಭ್ಯಾಸವಿಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ, ಸ್ಪೀಕರ್ ಜೋಡಿಸಿದೆ, ಕಾಪಿಯನ್ನೂ ಹಾಡನ್ನೂ ಒಟ್ಟಿಗೆ ಶುರುಮಾಡಿದೆ.

ಟೀಚರ್ ಕನ್ನಡಕ ಸರಿಮಾಡಿ ಪರದೆ ನೋಡಿದರು. "ನಲವತ್ತು ಅಂದ್ರೆ ಎಂತ? ಜ್ವರ ಉಂಟಾ ಇವರಿಗೆ?"

"ಅದು ಯಾವಾಗಲೂ ನಲವತ್ತೇ ಟೀಚರ್."

ಅವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಹಣೆ ಮುಟ್ಟುವ ಹಾಗೆ. "ತಣ್ಣಗೆ ಉಂಟು" ಎಂದರು, ಯಾರಿಗೂ ಅಲ್ಲದಂತೆ.

ಹಾರ್ಮೋನಿಯಂ ಬಂತು. ಅದರ ಹಿಂದೆ ಮಾಸ್ಟರ ಸ್ವರ, ಅದರ ಹಿಂದೆ ತಂಡದ್ದು. ಟೀಚರ್ ಕಣ್ಣು ಮುಚ್ಚಿದರು. ಹಾಡು ಮೇಲಕ್ಕೇರುತ್ತಾ ಹೋಗಿ, ಅರ್ಧದಲ್ಲಿ ನಿಂತಿತು.

ಪರದೆಯಲ್ಲಿ ಚಕ್ರ ತಿರುಗುತ್ತಿತ್ತು. ಕಾಪಿಯೂ ನಿಂತಿತ್ತು. ಯಾರೋ ಶಿಲುಬೆಯ ಗುರುತು ಹಾಕಿಕೊಂಡರು. ಟೀಚರ್ ಕಣ್ಣು ತೆರೆಯಲಿಲ್ಲ, ಆದರೆ ಕೈಯಲ್ಲಿದ್ದ ಜಪಮಾಲೆ ಬಿಗಿಯಾಯಿತು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು, ಯಾವ ದೇವರಿಗೆಂದು ಹೇಳದೆ, ಬೇಡಿಕೊಂಡೆ.

ಆಗ ಸ್ಪೀಕರಿನಿಂದ ಮಾಸ್ಟರ ಗದರಿಕೆ ಬಂತು. ಕೊಂಕಣಿಯಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ನಿಲ್ಲಿಸಿ! ಇಲ್ಲಿ ಯಾರೋ ಒಬ್ಬರು ಬದಲಿ ಬಂದಿದ್ದಾರೆ. ನಾನು ಆರಿಸಿದ ಸ್ವರ ಇದಲ್ಲ."

ಪ್ರಾಕ್ಟೀಸಿನ ದಿನ ತಂಡಕ್ಕೆ ಬೈದದ್ದು ಅದು, ಹಾಡಿನ ಜೊತೆಗೇ ರೆಕಾರ್ಡ್ ಆದದ್ದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕಣ್ಣು ಹೋದದ್ದು ಆ ಪೆಟ್ಟಿಗೆಯ ಕಡೆಗೆ.

"ಯಾರು? ಎದ್ದು ನಿಲ್ಲಿ" ಎಂದರು ಮಾಸ್ಟರ್.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಗೌರವಸ್ಥ ಮನೆತನದ, ಮೊಮ್ಮಕ್ಕಳನ್ನು ಕಂಡ ಹಳೆಯ ಗಾಯಕಿಯೊಬ್ಬರು ಎದ್ದು ನಿಂತಿದ್ದರು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸ್ಪೀಕರಿಗೆ ಹೇಳಿದರು: "ಸರ್, ಆ ದಿನ ನಾನಲ್ಲ. ನಾನು ಸಿನೆಮಾಕ್ಕೆ ಹೋಗಿದ್ದೆ. ನನ್ನ ಸೀರೆ ಉಡಿಸಿ ತಂಗಿಯನ್ನು ಕಳಿಸಿದ್ದೆ."

ಪರದೆಯ ಚಕ್ರ ಒಂದು ಸುತ್ತು ತಿರುಗಿತು.

"ಆಯ್ತು, ಕೂತ್ಕೊಳ್ಳಿ" ಎಂದರು ಮಾಸ್ಟರ್. "ಇನ್ನೊಮ್ಮೆ, ಮೊದಲಿನಿಂದ."

ಆಕೆ ಕೂತರು. ಯಾಕೋ ನಾನೂ ಕೂತೆ.

ಆಮೇಲೆ ಎಸ್‌ಎಸ್‌ಡಿ ಎಲ್ಲಿಯೂ ನಿಲ್ಲಲಿಲ್ಲ. ಹಾಡುಗಳೆಲ್ಲ ಕೇಳಿಸಿದವು, ಕಾಪಿಯೂ ಪೂರ್ತಿ ಇಳಿಯಿತು. ತೆಗೆಯುವ ಮೊದಲು ಅಭ್ಯಾಸಬಲದಿಂದ ಪರದೆ ನೋಡಿದೆ. ಮೂವತ್ತೊಂಬತ್ತು ಎಂದಿತ್ತು. ಕಣ್ಣುಜ್ಜಿಕೊಂಡೆ. ಮೂವತ್ತೊಂಬತ್ತೇ. ಅಳೆಯುವ ಭಾಗವೇ ಇಲ್ಲದ ಪೆಟ್ಟಿಗೆ ಹಾಗೆ ಹೇಳುವಂತಿಲ್ಲ.

ಟೀಚರ್ ನನ್ನ ಭುಜದ ಮೇಲಿಂದ ಬಾಗಿ ನೋಡಿದರು. ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ.

"ಜ್ವರ ಇಳಿಯಿತು" ಎಂದರು. "ಅವಳು ಒಪ್ಪಿಕೊಂಡಳಲ್ಲ, ಹಾಗೆ."